ಶುಕ್ರವಾರ ಮನೆ ನೋಡಬೇಡಿ

ಕಳೆದ ಶನಿವಾರ ನಮ್ಮ ಶಾಲೆಯ ತಾಯಂದಿರ ವಾಟ್ಸಾಪ್ ಗುಂಪಿಗೆ ಒಂದು ಪ್ರಶ್ನೆ ಬಂತು. ಹೊಸದಾಗಿ ಕುವೈತಿಗೆ ಬರಲಿರುವ ಸಂಸಾರ. ಗಂಡ, ಹೆಂಡತಿ, ಯುಕೆಜಿಗೆ ಸೇರಬೇಕಾದ ಮಗ. ‘ಮನೆ ಮಾಡಲು ಯಾವ ಏರಿಯಾ ಒಳ್ಳೇದು? ಫರ್ವಾನಿಯಾನೋ, ಅಬ್ಬಾಸಿಯಾನೋ?’ ಐದು ನಿಮಿಷದೊಳಗೆ ಎಂಟು ಜನ ಒಂದೇ ಉತ್ತರ ಹಾಕಿದರು: ‘ಬಸ್ ಆಂಟಿಯನ್ನು ಕೇಳಿ.’ ಒಂಬತ್ತನೆಯವರು ಬರೆದರು: ‘ಆಂಟಿ ಗುರುವಾರ ಖಾಯಂ ಆಗಿ ಊರಿಗೆ ಹೋದರಲ್ರೀ.’ ಅಲ್ಲಿಗೆ ಗುಂಪು ತೆಪ್ಪಗಾಯಿತು.

ನನಗೆ ಮೊದಲು ಸಂಕಟವಾಯಿತು, ಆಮೇಲೆ ಸಿಟ್ಟು ಬಂತು. ಇಷ್ಟು ಸಂಸಾರಗಳಿಗೆ ಮನೆ ಹುಡುಕಿಕೊಟ್ಟ ಹೆಂಗಸು. ಆಕೆ ಹೇಳಿದ್ದನ್ನು ನಮ್ಮಲ್ಲಿ ಒಬ್ಬರಾದರೂ ಬರೆದಿಟ್ಟುಕೊಂಡೆವೇ? ಇಲ್ಲ. ಅಡುಗೆ ರೆಸಿಪಿ ಆದರೆ ನೂರು ಸಲ ಫಾರ್ವರ್ಡ್ ಮಾಡುತ್ತೇವೆ. ಅದಕ್ಕೇ ಈಗ ನಾನು ಬರೆಯಲು ಕೂತಿದ್ದೇನೆ. ಹೆಸರು ಮಾತ್ರ ಬರೆಯುವುದಿಲ್ಲ, ಅವರೇ ಬೇಡ ಅಂದಿದ್ದಾರೆ. “ನನ್ನ ಹೆಸರು ಎಂತಕ್ಕೆ ಮಾರಾಯ್ತಿ? ಆ ಬಿಲ್ಡಿಂಗ್ ಆಗುದಿಲ್ಲ, ಈ ಬಿಲ್ಡಿಂಗ್ ಆಗುದಿಲ್ಲ ಅಂತ ಹೇಳ್ತಾ ತಿರುಗಿದವಳು ನಾನು. ಓನರುಗಳು ಹುಡುಕ್ಕೊಂಡು ಬಂದ್ರೆ?” ಎಂದು ನಕ್ಕಿದ್ದರು.

ಅವರದು ಶಾಲೆಯ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಕೆಲಸ. ಬಂಟ್ವಾಳದ ಕಡೆಯ ಬ್ಯಾರಿ. ಗಿಡ್ಡ ಆಳು, ಕಪ್ಪು ಬುರ್ಖಾ, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ. ಬಸ್ಸಿನ ಬಾಗಿಲಲ್ಲಿ ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ಒಳಗೆ. ಎಡಗೈ ಕಂಬಿಯ ಮೇಲಿದ್ದರೆ ಬಲಗೈ ಹತ್ತುವ ಪ್ರತಿ ಮಗುವಿನ ತಲೆ ಮುಟ್ಟುತ್ತಿತ್ತು. ಅದು ಎಣಿಕೆ. ಬಾಯಲ್ಲಿ ಎಣಿಸುತ್ತಿರಲಿಲ್ಲ, ಅಂಗೈಯಲ್ಲೇ ಎಣಿಸುತ್ತಿದ್ದರು. ಕೈಚೀಲದಲ್ಲಿ ಬಾಚಣಿಗೆ, ಸೇಫ್ಟಿ ಪಿನ್ನು, ತಿಂಡಿ ತಿನ್ನದೆ ಬಂದ ಮಕ್ಕಳಿಗೆಂದು ಖರ್ಜೂರ. ಬಸ್ಸಿಗೆ ಬರುವ ಮೊದಲು ರುಮೈಥಿಯಾದ ಒಂದು ಕುವೈತಿ ಮನೆಯಲ್ಲಿ ಹನ್ನೊಂದು ವರ್ಷ ಇದ್ದು, ಆ ಮನೆಯ ನಾಲ್ಕು ಮಕ್ಕಳನ್ನು ಎತ್ತಿ ಬೆಳೆಸಿದವರು. ಕೊನೆಯ ಹುಡುಗಿ ಹೈಸ್ಕೂಲಿಗೆ ಹೋದಾಗ ಆ ಮನೆಯ ಯಜಮಾನಿಯೇ ಯಾರಿಗೋ ಹೇಳಿ ಶಾಲೆಯಲ್ಲಿ ಕೆಲಸ ಕೊಡಿಸಿದರಂತೆ. ಹಾಗಾಗಿ ಅರಬಿ ಚೆನ್ನಾಗಿ ಬರುತ್ತಿತ್ತು. ಕಟ್ಟಡ ಕಾಯುವ ಹಾರಿಸ್‌ಗಳನ್ನು ಅರಬಿಯಲ್ಲಿ ಬಯ್ಯುವುದನ್ನು ಕೇಳಿದರೆ ನಮಗೇ ಮೈ ನಡುಗುತ್ತಿತ್ತು.

ನಾನು ಅವರನ್ನು ಮೊದಲು ನೋಡಿದ್ದು ಜಗಳದಲ್ಲಿ. ಆರು ವರ್ಷದ ಹಿಂದಿನ ಮಾತು. ನಾವು ಬಾಗಲಕೋಟೆ ಕಡೆಯವರು. ನಮ್ಮ ಯಜಮಾನರು ಇಲ್ಲೊಂದು ಕಂಪನಿಯಲ್ಲಿ ದೊಡ್ಡ ಏಸಿ ಪ್ಲಾಂಟುಗಳನ್ನು ನೋಡಿಕೊಳ್ಳುವ ಎಂಜಿನಿಯರ್. ನಮಗಿಂತ ಮೊದಲೇ ಬಂದು ಅಬ್ಬಾಸಿಯಾದ ಬ್ಯಾಚುಲರ್ ರೂಮೊಂದರಲ್ಲಿ ಇನ್ನೈದು ಜನರ ಜೊತೆ ಇದ್ದರು. ಫ್ಯಾಮಿಲಿ ವೀಸಾ ಆಗುತ್ತಲೇ ಲ್ಯಾಪ್‌ಟಾಪಿನಲ್ಲಿ ಎಕ್ಸೆಲ್ ತೆರೆದು ಹದಿನಾಲ್ಕು ಫ್ಲಾಟುಗಳ ಪಟ್ಟಿ ಮಾಡಿದರು. ಕಿಟಕಿ ಎಷ್ಟು, ಹಾಲ್ ಎಷ್ಟಡಿ, ಏಸಿ ಯಾವ ಕಾಲದ್ದು, ಆಫೀಸು ಎಷ್ಟು ದೂರ, ಎಲ್ಲಕ್ಕೂ ಅಂಕ. ಮೊದಲನೇ ನಂಬರ್ ಬಂದದ್ದು ಫರ್ವಾನಿಯಾದ ಒಂದು ಹೊಸ ಕಟ್ಟಡದ ಎಂಟನೇ ಮಹಡಿ. ನೋಡಲು ಚೆಂದವೇ ಇತ್ತು, ಸುಳ್ಳು ಯಾಕೆ ಹೇಳಲಿ. ಅಡುಗೆಮನೆಯ ಕಲ್ಲಿನಲ್ಲಿ ಮುಖ ಕಾಣುತ್ತಿತ್ತು.

ಮೊದಲ ದಿನ ಮಗಳು ಪಲ್ಲವಿಯನ್ನು ಬಸ್ಸಿಗೆ ಹತ್ತಿಸಲು ನಿಂತಿದ್ದೆ. ಅವಳಿಗಾಗ ಏಳು ವರ್ಷ. ಬಸ್ಸು ನಿಂತಿತು. ಈ ಹೆಂಗಸು ನನ್ನನ್ನು ನೋಡಲಿಲ್ಲ, ಮಗುವನ್ನೂ ನೋಡಲಿಲ್ಲ. ಕತ್ತೆತ್ತಿ ಕಟ್ಟಡವನ್ನು ನೋಡಿದರು.

“ಕನ್ನಡವಾ? ಇದೇ ಬಿಲ್ಡಿಂಗಲ್ಲಿ ಮನೆ ಮಾಡಿದ್ದಾ?”

“ಹೌದ್ರಿ. ಯಾಕ?”

“ಶುಕ್ರವಾರ ಬಂದು ನೋಡಿದ್ದು, ಅಲ್ವಾ?”

“ಹೌದ್ರಿ, ಶುಕ್ರವಾರನ. ಏನಾತ್ರಿ ಅದಕ್ಕ?”

“ಹಾಗೆ ಹೇಳಿ ಮತ್ತೆ,” ಎಂದು ತಲೆಯಾಡಿಸಿದರು. ನನಗೆ ಎಲ್ಲಿತ್ತೋ ಸಿಟ್ಟು. “ಮನಿ ನಮ್ದು, ಬಾಡಿಗಿ ನಮ್ದು. ನಿಮಗೇನ್ರಿ ತ್ರಾಸು, ಅಕ್ಕಾರ?” ಎಂದುಬಿಟ್ಟೆ. ಬಸ್ಸಿನಲ್ಲಿದ್ದ ಮಕ್ಕಳೆಲ್ಲ ಕಿಟಕಿಗೆ ಬಂದವು. ಆಕೆಗೆ ಒಂಚೂರೂ ಬೇಜಾರಾಗಲಿಲ್ಲ. “ನನಗೆ ಎಂತ ತ್ರಾಸಿಲ್ಲ ಮಾರಾಯ್ರೆ. ಯಲ್ಲಾ ಯಲ್ಲಾ, ಮಗುವನ್ನು ಕೊಡಿ,” ಎಂದು ಪಲ್ಲವಿಯ ತಲೆ ಮುಟ್ಟಿ ಒಳಗೆ ಕರೆದುಕೊಂಡರು. ಆ ದಿನವಿಡೀ ನನಗೆ ಮೈಯೆಲ್ಲ ಉರಿ.

ಶುಕ್ರವಾರದ ಮಾತು ಅರ್ಥವಾಗಲು ನನಗೆ ಎರಡು ವಾರ ಸಾಕಾಯಿತು. ಇಲ್ಲಿ ಶುಕ್ರವಾರ ರಜೆ. ಕೆಲಸಕ್ಕಿರುವ ಗಂಡಸರಿಗೆ ಬಿಡುವಿರುವುದು ಆವತ್ತೇ, ಹಾಗಾಗಿ ಎಲ್ಲರೂ ಶುಕ್ರವಾರ ಬೆಳಿಗ್ಗೆ ಮನೆ ನೋಡಲು ಹೊರಡುತ್ತಾರೆ. ಆ ಹೊತ್ತಿಗೆ ಊರಿಗೆ ಊರೇ ಮಲಗಿರುತ್ತದೆ. ಬೀದಿ ಖಾಲಿ, ಕಾರು ನಿಲ್ಲಿಸಲು ಎಲ್ಲಿ ಬೇಕಾದರೂ ಜಾಗ. ಗುಂಡಿ ಒತ್ತಿದ ಕೂಡಲೇ ಲಿಫ್ಟ್ ಬರುತ್ತದೆ. ಯಾರೂ ಸ್ನಾನ ಮಾಡದಿರುವುದರಿಂದ ನಲ್ಲಿಯಲ್ಲಿ ನೀರು ಧಾರಾಕಾರ. ‘ಎಷ್ಟು ಶಾಂತ ಏರಿಯಾ’ ಎಂದು ಸಹಿ ಹಾಕಿ ಬರುತ್ತಾರೆ. ಇಲ್ಲಿ ವಾರ ಶುರುವಾಗುವ ಭಾನುವಾರ ಬೆಳಗಾದರೆ ಗೊತ್ತಾಗುತ್ತದೆ ಕಥೆ. ನಮ್ಮ ಕಟ್ಟಡದಲ್ಲಿ ಬೆಳಗಿನ ಆರಕ್ಕೆ ಲಿಫ್ಟಿಗೆ ಸರತಿ ಸಾಲು, ನಲ್ಲಿಯಲ್ಲಿ ನೂಲಿನಂಥ ನೀರು, ಕೆಳಗೆ ಹಾರ್ನುಗಳ ಗದ್ದಲ. ಎಕ್ಸೆಲ್‌ನಲ್ಲಿ ಇದ್ಯಾವುದಕ್ಕೂ ಕಾಲಂ ಇರಲಿಲ್ಲ.

ಆಂಟಿಯ ಲೆಕ್ಕವೇ ಬೇರೆ. ವರ್ಷಗಟ್ಟಲೆ ಬೆಳಿಗ್ಗೆ ಮಧ್ಯಾಹ್ನ ಫರ್ವಾನಿಯಾ, ಖೈತಾನ್, ಅಬ್ಬಾಸಿಯಾಗಳ ಪ್ರತಿ ಗಲ್ಲಿಯಲ್ಲಿ ಬಸ್ಸು ನಿಲ್ಲಿಸಿದವರು. ಕಟ್ಟಡದ ಒಳಗೆ ಕಾಲಿಡದೆ, ಅಲ್ಲಿಂದ ಇಳಿದು ಬರುವ ಮಕ್ಕಳನ್ನು ನೋಡಿಯೇ ಒಳಗಿನದೆಲ್ಲ ತಿಳಿದುಕೊಳ್ಳುತ್ತಿದ್ದರು. ಹುಡುಗಿಯರ ಜಡೆ ಒದ್ದೆ ಇದ್ದರೆ ನೀರು ಸರಿಯಾಗಿ ಬರುತ್ತದೆ. ಯೂನಿಫಾರಂ ಮುದ್ದೆಯಾಗಿದ್ದರೆ ಕರೆಂಟಿನದೋ ವಯರಿಂಗಿನದೋ ತೊಂದರೆ ಇದೆ. ಮಕ್ಕಳು ಏದುಸಿರು ಬಿಡುತ್ತಾ ಬಂದರೆ ಲಿಫ್ಟ್ ಕೆಟ್ಟಿದೆ. ಕುತ್ತಿಗೆಯ ಹಿಂದೆ ಸಾಲಾಗಿ ಕೆಂಪು ಗುಳ್ಳೆ ಇದ್ದರೆ ತಿಗಣೆ. “ತಿಗಣೆ ಇರುವ ಬಿಲ್ಡಿಂಗಿಗೆ ಚಿನ್ನದ ಬಾಗಿಲು ಇದ್ರೂ ಬೇಡ,” ಎನ್ನುತ್ತಿದ್ದರು.

ಅವರೂ ತಪ್ಪಿದ್ದುಂಟು, ಅದನ್ನೂ ಹೇಳಬೇಕು. ಖೈತಾನಿನ ಒಂದು ಕಟ್ಟಡದಿಂದ ಬರುವ ಮಕ್ಕಳು ದುಂಡುದುಂಡಗೆ, ತಲೆಗೆ ಎಣ್ಣೆ ಹಚ್ಚಿ, ನಗುನಗುತ್ತಾ ಬರುತ್ತಿದ್ದವು. ಅದನ್ನು ನಂಬಿ ಉಡುಪಿಯ ಒಂದು ಸಂಸಾರವನ್ನು ಅಲ್ಲಿಗೆ ಕಳಿಸಿದರು. ಮೂರು ತಿಂಗಳಿಗೆ ಮೊದಲಿನ ಆ ಮಕ್ಕಳದೇ ಮುಖ ಬಾಡಿತು. ವಿಚಾರಿಸಿದರೆ, ಅಷ್ಟು ದಿನ ಆ ಮನೆಯಲ್ಲಿ ವಿಸಿಟ್ ವೀಸಾದ ಮೇಲೆ ಬಂದ ಅಜ್ಜಿ ಇದ್ದಳು! ಮಕ್ಕಳ ಕಳೆಯೆಲ್ಲ ಅಜ್ಜಿಯದು, ಕಟ್ಟಡದ್ದೇನೂ ಇರಲಿಲ್ಲ. ಉಡುಪಿಯವರು ಅಲ್ಲಿ ವರ್ಷವಿಡೀ ಒದ್ದಾಡಿದರು. ಆಮೇಲೆ ಆಂಟಿ ಯಾವ ಕಟ್ಟಡದ ಬಗ್ಗೆ ಹೇಳುವ ಮೊದಲೂ ಆ ಮಕ್ಕಳನ್ನು ಕೇಳುತ್ತಿದ್ದರು: “ಮಗಾ, ಊರಿಂದ ಅಜ್ಜಿ ಬಂದಿದ್ದಾರಾ?”

ಇಲ್ಲಿ ನಮ್ಮಂಥವರು ಮನೆ ಕೊಂಡುಕೊಳ್ಳುವಂತಿಲ್ಲ, ಎಷ್ಟು ವರ್ಷವಿದ್ದರೂ ಬಾಡಿಗೆಯೇ. ಕೊಳ್ಳುವ ಆಸೆಯನ್ನೆಲ್ಲ ಊರಿನ ಮೇಲೆ ತೀರಿಸಿಕೊಳ್ಳುತ್ತೇವೆ. ಒಮ್ಮೆ ಕನ್ನಡದವರ ಒಂದು ಕೂಟದಲ್ಲಿ ನಮ್ಮ ಪರಿಚಯದವರೊಬ್ಬರು ಹುಬ್ಬಳ್ಳಿಯ ಅಪಾರ್ಟ್‌ಮೆಂಟಿನ ಬಣ್ಣದ ಕಾಗದ ಹಿಡಿದು ಎಲ್ಲರಿಗೂ ತೋರಿಸುತ್ತಿದ್ದರು. ಈಜುಕೊಳ, ಜಿಮ್ಮು, ಕ್ಲಬ್ ಹೌಸು. ಆಂಟಿ ಕಾಗದವನ್ನು ತಿರುವಿ ಮುರುವಿ ನೋಡಿ, “ಇದರಲ್ಲಿ ಸ್ಕೂಲ್ ಬಸ್ ನಿಲ್ಲುದು ಎಲ್ಲಿ?” ಎಂದು ಕೇಳಿದರು. ಅವರು, “ನನ್ನ ಮಕ್ಕಳು ದೊಡ್ಡವರದಾರ ಬಿಡ್ರಿ,” ಎಂದರು. “ನಿಮ್ಮ ಮಕ್ಕಳಿಗೆ ಅಲ್ಲ. ಮಕ್ಕಳು ಹತ್ತಿ ಇಳಿಯುವ ಜಾಗದಲ್ಲಿ ಯಾವಾಗ್ಲೂ ನಾಲ್ಕು ಜನ ಇರ್ತಾರೆ. ನಾಳೆ ನೀವು ಬಿದ್ರೆ ಎತ್ಲಿಕ್ಕೆ ಅವರೇ ಬರುದು, ಈಜುಕೊಳ ಬರುದಿಲ್ಲ.” ಆ ಮನುಷ್ಯ ಮುಖ ಹುಳ್ಳಗೆ ಮಾಡಿಕೊಂಡು ಕಾಗದ ಮಡಚಿದರು. ಹೀಗೆ ಮುಖದ ಮೇಲೆ ಹೇಳುವ ಚಾಳಿ ಆಂಟಿಯದು. ಎಷ್ಟೋ ಜನರಿಗೆ ಇಷ್ಟವಾಗುತ್ತಿರಲಿಲ್ಲ.

ಈಗ ನನ್ನ ಮನೆಯ ಮಾತಿಗೆ ಬರುತ್ತೇನೆ. ಬಾಗಲಕೋಟೆಯಲ್ಲಿ ಹನ್ನೊಂದು ಜನರ ಮನೆಯಲ್ಲಿ ಬೆಳೆದ ಪಲ್ಲವಿ ಅಲ್ಲಿ ಬಾಯಿಬಡಕಿ. ಇಲ್ಲಿಗೆ ಬಂದು ಎರಡು ತಿಂಗಳಿಗೆ ಮಾತು ಕಡಿಮೆಯಾಯಿತು. ನಾಲ್ಕು ತಿಂಗಳಿಗೆ ನಿಂತೇಹೋಯಿತು. ಊಟ ಬೇಕೇ ಎಂದರೆ ತಲೆಯಾಡಿಸುವುದು, ಬೇಡವೇ ಎಂದರೂ ತಲೆಯಾಡಿಸುವುದು. ಶಾಲೆಯಿಂದ ಬಂದವಳೇ ಪರದೆಯ ಹಿಂದೆ ಕೂತು ಎಂಟನೇ ಮಹಡಿಯಿಂದ ಕೆಳಗೆ ಓಡುವ ಕಾರುಗಳನ್ನು ನೋಡುತ್ತಿದ್ದಳು. ಎದುರು ಮನೆಯ ಬಾಗಿಲು ತಟ್ಟಿ ಪರಿಚಯ ಮಾಡಿಕೊಳ್ಳೋಣವೆಂದರೆ ಎರಡು ತಿಂಗಳಿಗೊಮ್ಮೆ ಜನ ಬದಲಾಗುತ್ತಿದ್ದರು. ಡಾಕ್ಟರ ಹತ್ತಿರ ಹೋದೆವು, ದೇವರಿಗೆ ಹರಕೆ ಹೊತ್ತೆ. ಕೊನೆಗೆ ಕ್ಲಾಸ್ ಟೀಚರ್ ಕರೆದು, ಮಗು ಕ್ಲಾಸಿನಲ್ಲೂ ಬಾಯಿ ಬಿಡುವುದಿಲ್ಲ, ಒಂದೆರಡು ವರ್ಷ ಊರಿನಲ್ಲಿ ಅಜ್ಜ ಅಜ್ಜಿಯ ಜೊತೆ ಇದ್ದರೆ ಒಳ್ಳೆಯದೇನೋ ಎಂದರು. ನಾನು, ನಮ್ಮವರು ಎರಡು ದಿನ ಮಾತಾಡಿ ತೀರ್ಮಾನ ಮಾಡಿದೆವು. ಡಿಸೆಂಬರ್ ರಜೆಗೆ ನಾನು, ಪಲ್ಲವಿ ಊರಿಗೆ. ವಾಪಸು ಬರುವುದಿಲ್ಲ. ಅವರು ಮತ್ತೆ ಬ್ಯಾಚುಲರ್ ರೂಮಿಗೆ. ಟಿಕೆಟ್ ಮಾಡಿಸಿದ ರಾತ್ರಿ ಅವರು ಸೂಟ್‌ಕೇಸ್ ಕೆಳಗಿಳಿಸಿ ಅದರ ಮುಂದೆ ಸುಮ್ಮನೆ ಕೂತಿದ್ದರು. ನನಗೆ ನೋಡಲಾಗಲಿಲ್ಲ.

ಬಸ್ಸಿನವರಿಗೆ ತಿಳಿಸಬೇಕಲ್ಲ, ಮರುದಿನ ಬೆಳಿಗ್ಗೆ ಆಂಟಿಗೆ ಹೇಳಿದೆ. “ಡಿಸೆಂಬರ್ ಆದ ಮ್ಯಾಲೆ ಈಕಿ ಬರೂದಿಲ್ರಿ ಅಕ್ಕಾರ. ಊರಿಗೆ ಕರ್ಕೊಂಡು ಹೊಂಟೀನಿ. ಕೂಸು ಮಾತ ಬಿಟ್ಟೈತಿ.”

ಆಂಟಿ ಹುಬ್ಬು ಗಂಟಿಕ್ಕಿದರು. “ಯಾರು ಮಾತು ಬಿಟ್ಟದ್ದು? ಇವಳಾ? ಬಸ್ಸಲ್ಲಿ ಇವಳ ಬಾಯಿ ಮುಚ್ಚಿಸ್ಲಿಕ್ಕೆ ನನ್ನ ಕೈಲಿ ಆಗುದಿಲ್ಲವಲ್ಲ!”

ನಾನು ಬಸ್ಸಿನ ಕಂಬಿ ಹಿಡಿದುಕೊಂಡೆ. ಹಿಂದಿನ ಕಾರಿನವನು ಹಾರ್ನ್ ಹೊಡೆಯುತ್ತಲೇ ಇದ್ದ. ಆಂಟಿ ಅವನ ಕಡೆ ಕೈ ತೋರಿಸಿ ನಿಲ್ಲಿಸಿ, ಹತ್ತಿರ ಬಗ್ಗಿ ಹೇಳಿದರು. “ಇಲ್ಲಿಂದ ಹತ್ತುವಾಗ ಮೌನ, ನಿಜ. ನಾಲ್ಕನೇ ಸ್ಟಾಪ್ ವರೆಗೆ ಮೌನ. ಅಲ್ಲಿ ಒಂದು ಹಳೇ ಬಿಲ್ಡಿಂಗಿಂದ ಎಂಟು ಮಕ್ಕಳು ಒಟ್ಟಿಗೆ ಹತ್ತುತ್ತವೆ. ಹಿಂದಿನ ಸೀಟಲ್ಲಿ ಇವಳಿಗೆ ಜಾಗ ಮಾಡಿ ಕೊಡ್ತವೆ. ಮತ್ತೆ ಶುರು ನೋಡಿ. ಕನ್ನಡ, ಹಿಂದಿ, ಮಲಯಾಳಂ ಎಲ್ಲ ಕಲಸಿ ಮಾತು. ಮಧ್ಯಾಹ್ನ ಅವರು ಇಳಿದ ಕೂಡ್ಲೇ ಖಲಾಸ್, ಬಾಯಿ ಬಂದ್. ನಿಮಗೆ ಗೊತ್ತುಂಟು ಅಂತ ನಾನು ತಿಳಿದದ್ದು.”

ಬಸ್ಸು ಹೋಯಿತು. ನಾನು ಅಲ್ಲೇ ಫುಟ್‌ಪಾತಿನ ಮೇಲೆ ಕೂತೆ. ನನ್ನ ಮಗಳಿಗೆ ಮಾತಿದೆ, ನನ್ನ ಮನೆಯಲ್ಲಿ ಮಾತ್ರ ಇಲ್ಲ. ಖುಷಿಪಡಬೇಕೋ ನಾಚಿಕೆಪಡಬೇಕೋ ತಿಳಿಯಲಿಲ್ಲ, ಎರಡೂ ಆಯಿತು.

ಆ ಶನಿವಾರ ಆಂಟಿ ನಮ್ಮ ಮನೆಗೆ ಬಂದರು. ಯಾರೂ ಕರೆದಿರಲಿಲ್ಲ, ತಾವೇ ಬಂದರು. ಚಹಾ ಕುಡಿಯುವ ಮೊದಲೇ ವಿಷಯ ಎತ್ತಿದರು. ಆ ಹಳೇ ಕಟ್ಟಡಕ್ಕೆ ಮನೆ ಬದಲಿಸಿ, ಹುಡುಗಿ ಸರಿಹೋಗುತ್ತಾಳೆ, ಊರಿಗೆ ಕಳಿಸುವುದು ಬೇಡ ಎಂದರು. ನಮ್ಮವರು ವಿನಯವಾಗಿಯೇ ಲ್ಯಾಪ್‌ಟಾಪ್ ತಂದು ತೆರೆದರು. ಆ ಕಟ್ಟಡವೂ ಪಟ್ಟಿಯಲ್ಲಿತ್ತು, ಹದಿಮೂರನೇ ನಂಬರ್.

“ನೋಡ್ರಿ ಬಾಯಾರ, ಲಿಫ್ಟ್ ಇಲ್ಲ. ಏಸಿ ಅಂದ್ರ ಅಜ್ಜನ ಕಾಲದ್ದು. ಮುಂದ ಮಣ್ಣಿನ ಬಯಲ, ಧೂಳು. ಪಾರ್ಕಿಂಗ್ ಇಲ್ಲ. ಹೆಂಗ ಹೋಗೂದ್ರಿ?”

“ಸರಿ ಸರ್. ಈ ನಿಮ್ಮ ಎದುರು ಮನೆಯವರ ಹೆಸರು ಎಂತ?”

ನಮ್ಮವರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. “ಅದಕ್ಕ ಕಾಲಂ ಮಾಡಿಲ್ರಿ,” ಎಂದರು ಪಾಪ. ಆಂಟಿ ನಗಲಿಲ್ಲ. “ಸರ್, ನನ್ನ ಮಾತು ನಂಬಬೇಡಿ. ಒಂದು ದಿನ ಮಧ್ಯಾಹ್ನ ಬಸ್ಸು ಬರುವ ಹೊತ್ತಿಗೆ ಆ ಬಿಲ್ಡಿಂಗಿನ ಎದುರು ಬಂದು ನಿಲ್ಲಿ. ಮಕ್ಕಳನ್ನು ಕರ್ಕೊಳ್ಳಿಕ್ಕೆ ಎಷ್ಟು ಜನ ಬರ್ತಾರೆ, ಅಷ್ಟು ಮಾತ್ರ ನೋಡಿ. ಶುಕ್ರವಾರ ಬೇಡ, ಕೆಲಸದ ದಿನವೇ ಬನ್ನಿ.”

ರಜೆ ಹಾಕಿದ ಮನುಷ್ಯನೇ ಅಲ್ಲ ನಮ್ಮವರು. ಮಂಗಳವಾರ ಅರ್ಧ ದಿನ ರಜೆ ಹಾಕಿದರು. ಇಬ್ಬರೂ ಆ ಕಟ್ಟಡದ ಎದುರಿನ ಬಕಾಲದ, ಅಂದರೆ ಕಿರಾಣಿ ಅಂಗಡಿಯ, ನೆರಳಿನಲ್ಲಿ ಲಬನ್ ಮಜ್ಜಿಗೆ ಕುಡಿಯುತ್ತಾ ನಿಂತೆವು. ಬಸ್ಸು ಬರುವ ಹೊತ್ತಾದರೂ ಕೆಳಗೆ ಬಂದದ್ದು ಒಬ್ಬಳೇ ಹೆಂಗಸು, ಕೈಯಲ್ಲಿ ಸೌಟು ಹಿಡಿದೇ ಬಂದಿದ್ದಳು. “ಎಂಟು ಹುಡುಗ್ರಿಗೆ ಒಬ್ಬಾಕಿನ?” ಎಂದರು ನಮ್ಮವರು. ನಮ್ಮ ಕಟ್ಟಡದಲ್ಲಿ ಐದು ಮಕ್ಕಳಿಗೆ ಐದು ತಾಯಂದಿರು ಬರುತ್ತಿದ್ದೆವು. ತಂತಮ್ಮ ಮಗುವಿನ ಕೈ ಹಿಡಿದು, ಒಬ್ಬರ ಮುಖ ಒಬ್ಬರು ನೋಡದೆ ಲಿಫ್ಟಿನಲ್ಲಿ ನಿಲ್ಲುತ್ತಿದ್ದೆವು. ಇಲ್ಲಿ ಒಬ್ಬಳು ಎಲ್ಲರ ಮಕ್ಕಳನ್ನೂ ಕರೆದೊಯ್ಯುತ್ತಾಳೆ, ಉಳಿದವರು ನಿಶ್ಚಿಂತೆಯಿಂದ ಮನೆಯಲ್ಲಿರುತ್ತಾರೆ. ಆಂಟಿ ನೋಡು ಅಂದದ್ದು ಅದನ್ನೇ ಎಂದು ನನಗೆ ಅಲ್ಲಿಯೇ ಹೊಳೆಯಿತು.

ಅಷ್ಟರಲ್ಲಿ ಬಸ್ಸು ಬಂತು. ಮಕ್ಕಳು ಒಂದೊಂದಾಗಿ ಧುಮುಕಿದವು. ಹಿಂದಿನ ಕಿಟಕಿಯಲ್ಲಿ ಪಲ್ಲವಿ ಕಂಡಳು. ನಮ್ಮನ್ನು ಅವಳು ನೋಡಲಿಲ್ಲ. ಕಿಟಕಿಯಿಂದ ಅರ್ಧ ಕೈ ಹೊರಹಾಕಿ, ಕೆಳಗೆ ನಿಂತ ಒಬ್ಬ ಹುಡುಗಿಗೆ ಏನನ್ನೋ ಜೋರು ಜೋರಾಗಿ ಹೇಳುತ್ತಿದ್ದಳು, ನಡುನಡುವೆ ಬಿದ್ದು ಬಿದ್ದು ನಗುತ್ತಿದ್ದಳು. ಬಾಗಲಕೋಟೆಯ ಅದೇ ಬಾಯಿಬಡಕಿ! ಬಸ್ಸು ಮುಂದೆ ಹೋಯಿತು. ಪಕ್ಕಕ್ಕೆ ತಿರುಗಿದರೆ ನಮ್ಮವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಿದ್ದರು. “ಧೂಳ ಭಾಳ ಐತಿ ಇಲ್ಲಿ,” ಎಂದರು. ಕನ್ನಡಕ ಮತ್ತೆ ಹಾಕಿಕೊಂಡು, “ಮನಿ ಖಾಲಿ ಐತೇನು ಕೇಳು ಅವರನ್ನ,” ಎಂದರು.

ಖಾಲಿ ಇರಲಿಲ್ಲ. ಅಲ್ಲಿ ಸೇರಿದವರು ಬಿಟ್ಟು ಹೋಗುತ್ತಿರಲಿಲ್ಲ. ಟಿಕೆಟಿನ ದಿನ ಹತ್ತಿರ ಬರುತ್ತಿತ್ತು, ನಾನು ಸೂಟ್‌ಕೇಸಿಗೆ ಬಟ್ಟೆ ಹಾಕುವುದು, ತೆಗೆಯುವುದು ಮಾಡುತ್ತಿದ್ದೆ. ದಿನಾ ಬೆಳಿಗ್ಗೆ ಆಂಟಿಯ ಮುಖ ನೋಡುತ್ತಿದ್ದೆ. ಅವರು “ಮಾಫಿ,” ಇನ್ನೂ ಏನಿಲ್ಲ, ಎಂದು ಕೈಯಾಡಿಸುತ್ತಿದ್ದರು. ಹೊರಡಲು ಒಂಬತ್ತು ದಿನ ಇರುವಾಗ ಒಂದು ಬೆಳಿಗ್ಗೆ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕೂಗಿದರು: “ಸಿಕ್ಕಿತು ಮಾರಾಯ್ತಿ! ಮೂರನೇ ಮಾಳಿಗೆ. ಟೀಚರ್ ಒಬ್ಬರು ಖಾಯಂ ಆಗಿ ಹೋಗ್ತಾ ಇದ್ದಾರೆ. ಹಾರಿಸ್ ಹತ್ರ ನಾನು ಮಾತಾಡಿ ಆಯ್ತು. ಟಿಕೆಟ್ ಕ್ಯಾನ್ಸಲ್ ಮಾಡು.” ಆ ದಿನವೇ ಅವರು ನನ್ನನ್ನು ‘ನೀವು’ ಬಿಟ್ಟು ‘ನೀನು’ ಎಂದದ್ದು.

ಸಾಮಾನು ಸಾಗಿಸಿದ ದಿನ ಮೂರು ಮಹಡಿ ಹತ್ತಿ ಇಳಿದು ಕಾಲು ಬಿದ್ದುಹೋಗಿತ್ತು. ರಟ್ಟಿನ ಪೆಟ್ಟಿಗೆಗಳ ನಡುವೆ ಕೂತಿದ್ದೆ. ಬಾಗಿಲಲ್ಲಿ ಒಂದು ಹುಡುಗಿ ಬಂದು, “ಪಲ್ಲವಿ, ಕಮ್ ಡೌನ್, ಎಲ್ಲರೂ ಕೆಳಗಿದ್ದಾರೆ,” ಎಂದಿತು. ಒಳಗಿನಿಂದ ಒಂದು ಕೂಗು ಕೇಳಿಸಿತು: “ಅವ್ವಾ, ನನ್ನ ಚಪ್ಪಲ್ ಎಲ್ಲಿ ಇಟ್ಟೀ?” ನಾಲ್ಕೈದು ತಿಂಗಳ ಮೇಲೆ ನನ್ನ ಮನೆಯಲ್ಲಿ ನನ್ನ ಮಗಳ ಧ್ವನಿ. ಚಪ್ಪಲಿ ಯಾವ ಪೆಟ್ಟಿಗೆಯಲ್ಲಿತ್ತೋ ನನಗೂ ಗೊತ್ತಿರಲಿಲ್ಲ. ಅವಳು ಕಾಯಲಿಲ್ಲ, ಬರಿಗಾಲಲ್ಲೇ ಓಡಿದಳು. ನಾನು ಪೆಟ್ಟಿಗೆಗಳ ನಡುವೆ ಕೂತು ಮನಸಾರೆ ಅತ್ತೆ.

ಒಂದೇ ದಿನಕ್ಕೆ ಎಲ್ಲ ಸರಿಹೋಯಿತು ಎಂದಲ್ಲ. ಕ್ಲಾಸಿನಲ್ಲಿ ಬಾಯಿ ಬಿಡಲು ಇನ್ನೊಂದು ವರ್ಷ ಬೇಕಾಯಿತು. ಏಸಿ ಎರಡು ಬೇಸಿಗೆ ಕೈಕೊಟ್ಟಿತು, ಧೂಳು ಗುಡಿಸಿ ಗುಡಿಸಿ ನನ್ನ ಸೊಂಟ ಹೋಯಿತು. ಆದರೂ ನಾವು ಮೂವರೂ ಒಂದೇ ಸೂರಿನಡಿ ಉಳಿದೆವು. ಈಗ ಪಲ್ಲವಿಗೆ ಹದಿಮೂರು. ನಾನು ಕನ್ನಡದಲ್ಲಿ ಒಂದು ಅಂದರೆ ಇಂಗ್ಲಿಷಿನಲ್ಲಿ ಹತ್ತು ಅನ್ನುತ್ತಾಳೆ. ಬಾಯಿ ಮುಚ್ಚು ಎಂದು ಗದರುವಾಗೆಲ್ಲ ನನ್ನ ನಾಲಿಗೆಯನ್ನು ನಾನೇ ಕಚ್ಚಿಕೊಳ್ಳುತ್ತೇನೆ.

ಹೋದ ಬುಧವಾರ ಸಂಜೆ ಆಂಟಿಯನ್ನು ನಮ್ಮ ಮನೆಗೆ ಊಟಕ್ಕೆ ಕರೆದಿದ್ದೆವು. ಜೊತೆಗೆ ಅವರ ತಂಗಿಯ ಮಗಳು, ಅವಳ ಮೂರೂವರೆ ವರ್ಷದ ಗಂಡುಮಗು ಬಂದಿದ್ದರು. ಈ ಹುಡುಗಿಯ ಗಂಡ ಫಹಾಹೀಲಿನ ಅಂಗಡಿಯೊಂದರಲ್ಲಿ ಕ್ಯಾಶಿಯರ್. ಅವಳು ನಮ್ಮ ಮನೆಗೆ ಬಂದದ್ದು ಅದೇ ಮೊದಲು. ಹಾಲಿನಲ್ಲಿ ನಿಂತು ಸುತ್ತ ನೋಡಿದಳು. ಅಡುಗೆಮನೆಗೆ ಹೋಗಿ ಬಂದಳು. ಆಮೇಲೆ ನಗುತ್ತಾ, “ಓ, ಇದಾ ಆ ಮನೆ? ನಾನು ಬಾಗಿಲಿನ ಕರ್ಟನ್ ಕೂಡ ತೆಗೆದಿಟ್ಟಿದ್ದೆ ಅಕ್ಕ, ಈ ಮನೆಗೆ ಅಂತ,” ಎಂದಳು.

ನನಗೆ ಅರ್ಥವಾಗಲಿಲ್ಲ. ಆಂಟಿ ಬ್ಯಾರಿ ಭಾಷೆಯಲ್ಲಿ ಅವಳಿಗೆ ಗದರಿದರು. ಆದರೆ ಹುಡುಗಿ ಸುಮ್ಮನಿರಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಇನ್ನೊಂದು ಸಂಸಾರದ ಜೊತೆ ಒಂದೇ ಫ್ಲಾಟಿನ ಒಂದು ಕೋಣೆಯಲ್ಲಿ ಇದ್ದಳಂತೆ. ಟೀಚರ್ ಹೋಗುವ ವಿಷಯ ಆಂಟಿಗೆ ತಿಂಗಳು ಮೊದಲೇ ಗೊತ್ತಿತ್ತು. ಈ ಮನೆಯನ್ನು ತಂಗಿಯ ಮಗಳಿಗೆಂದು ಹಾರಿಸ್‌ಗೆ ಹೇಳಿ ಹಿಡಿಸಿಟ್ಟಿದ್ದರು. ಆಮೇಲೆ ಒಂದು ದಿನ ಫೋನ್ ಮಾಡಿ, ಮನೆ ಬೇರೆಯವರಿಗೆ ಆಯಿತು ಎಂದರಂತೆ. ಅವಳು ಅದೇ ಕೋಣೆಯಲ್ಲಿ ಮತ್ತೆರಡು ವರ್ಷ ಇದ್ದಳು.

“ಖರೆನೇನ್ರಿ ಅಕ್ಕಾರ?” ಎಂದೆ. ನನ್ನ ಕೈಯಲ್ಲಿ ರೊಟ್ಟಿಯ ತಟ್ಟೆ ಇತ್ತು. “ನನಗ ಒಂದ ಮಾತ ಹೇಳಬಾರದಿತ್ತೇನ್ರಿ?”

“ಹೇಳಿದ್ರೆ ನೀನು ತಗೊಳ್ತಿದ್ದಿಯಾ?”

ತೆಗೆದುಕೊಳ್ಳುತ್ತಿರಲಿಲ್ಲ. ಸೂಟ್‌ಕೇಸ್ ಹಿಡಿದು ಹೊರಟುಬಿಡುತ್ತಿದ್ದೆ, ನನ್ನ ಹಟ ನನಗೆ ಗೊತ್ತು.

“ಇವಳು ನನ್ನ ಹತ್ರ ಎರಡು ತಿಂಗಳು ಮಾತಾಡ್ಲಿಲ್ಲ,” ಎಂದರು ಆಂಟಿ, ಹುಡುಗಿಯ ಬೆನ್ನು ಸವರುತ್ತಾ. “ಇವಳಿಗೆ ಆಗ ಮಕ್ಕಳಿರ್ಲಿಲ್ಲ, ಇವಳು ಕಾಯಬಹುದು, ನಿನ್ನ ಮಗಳು ಕಾಯ್ಲಿಕ್ಕೆ ಆಗುದಿಲ್ಲ ಅಂತ ನಾನು ಲೆಕ್ಕ ಹಾಕಿದ್ದು. ಸರಿಯೋ ತಪ್ಪೋ, ಅಲ್ಲಾಹನಿಗೆ ಗೊತ್ತು. ಈಗ ಇವಳ ಮಗನಿಗೂ ಶಾಲೆಗೆ ಸೇರುವ ಸಮಯ ಬಂತು. ನಾನು ನಾಳೆ ಹೋಗುದು. ಇವಳನ್ನು ಅಷ್ಟು ದೂರ ಫಹಾಹೀಲಲ್ಲಿ ಒಬ್ಬಳೇ ಬಿಟ್ಟು ಹೋಗ್ಲಿಕ್ಕೆ ನನಗೆ ಕಾಲೇ ಬರುದಿಲ್ಲ.”

ಪಲ್ಲವಿ ಫೋನ್ ಕೆಳಗಿಟ್ಟಿದ್ದಳು. ಅವಳು ಅಪ್ಪನ ಕಡೆ ತಿರುಗಿ, ಇಂಗ್ಲಿಷ್ ಎಲ್ಲ ಬಿಟ್ಟು, “ಅಪ್ಪಾ, ಎರಡನೇ ಮಾಳಿಗಿ ಅಂಕಲ್ ಈ ತಿಂಗಳ ಕೊನಿಗೆ ಖಾಲಿ ಮಾಡ್ತಾರಂತ. ಅವರ ಮಗಳು ಹೇಳಿದ್ಲು,” ಎಂದಳು.

ನಮ್ಮವರು ತುತ್ತು ಕೈಯಲ್ಲಿ ಹಿಡಿದಿದ್ದವರು ತಟ್ಟೆಗೆ ಹಾಕಿ ಎದ್ದರು. ಕೈ ತೊಳೆದವರೇ ಹವಾಯಿ ಚಪ್ಪಲಿ ಮೆಟ್ಟಿ ಕೆಳಗಿಳಿದರು. ಅವರ ಹಿಂದೆಯೇ ಪಲ್ಲವಿ ಓಡಿದಳು. ನಮ್ಮವರಿಗೆ ಇಷ್ಟು ವರ್ಷವಾದರೂ ಅರಬಿ ಬರುವುದಿಲ್ಲ, ಹಾರಿಸ್‌ಗೆ ಬೇರೆ ಭಾಷೆ ಬರುವುದಿಲ್ಲ. ಮೆಟ್ಟಿಲಿನಲ್ಲಿ ಮಗಳ ಧ್ವನಿ ಕೇಳುತ್ತಿತ್ತು. ಬೀದಿಯ ಮಕ್ಕಳ ಜೊತೆ ಕಲಿತ ಅರಬಿಯಲ್ಲಿ ಹಾರಿಸ್‌ನನ್ನು ದಬಾಯಿಸುತ್ತಾ, ಓಲೈಸುತ್ತಾ, ಒಂದು ಕ್ಷಣವೂ ನಿಲ್ಲಿಸದೆ ಮಾತಾಡುತ್ತಿದ್ದಳು. ಆಂಟಿ ಊಟ ಬಿಟ್ಟು ಆ ಕಡೆಗೇ ಕಿವಿಗೊಟ್ಟು ಕೂತಿದ್ದರು.

ಇಬ್ಬರೂ ಏದುಸಿರು ಬಿಡುತ್ತಾ ಮೇಲೆ ಬಂದರು. “ಒಪ್ಪಿದಾ,” ಎಂದರು ನಮ್ಮವರು. “ಒಂದನೇ ತಾರೀಖಿಗೆ ಕೀಲಿಕೈ ಕೊಡ್ತಾನಂತ. ನಮ್ಮ ತಂಗಿ ಅಂತ ಹೇಳಿ ಬಂದೀವಿ.”

ಹುಡುಗಿ ಮಗುವನ್ನು ಎತ್ತಿ ಎದೆಗವಚಿಕೊಂಡಳು. ಇಷ್ಟು ವರ್ಷಗಳಲ್ಲಿ ಬಸ್ ಆಂಟಿ ಅತ್ತದ್ದನ್ನು ನಾನು ಕಂಡಿರಲಿಲ್ಲ. ಬುರ್ಖಾದ ತೋಳಿನಿಂದ ಕಣ್ಣೊರೆಸಿಕೊಂಡು, ಪಲ್ಲವಿಯನ್ನು ಪಕ್ಕಕ್ಕೆ ಎಳೆದು ಕೂರಿಸಿಕೊಂಡರು. “ಇನ್ನು ನಾನು ಧೈರ್ಯದಲ್ಲಿ ಹೋಗ್ತೇನೆ,” ಎಂದು ನನಗೆ ಹೇಳಿ, ತಟ್ಟೆ ಮುಂದಕ್ಕೆ ತಳ್ಳಿದರು. “ಇನ್ನೊಂದು ರೊಟ್ಟಿ ಹಾಕು ಮಾರಾಯ್ತಿ, ಈಗ ಹಸಿವಾಯ್ತು.”